ಕೇಬಲ್ ಲಾಕ್ ಲ್ಯಾಪ್‌ಟಾಪ್ ತೂತಿಗೆ ಹೋಗುತ್ತಿಲ್ಲ, ಸಹಾಯ ಮಾಡಿ

ಮಳೆಹನಿ: ಪಕ್ಕದ ಮನೆಗೆ ಕಳ್ಳರು ನುಗ್ಗಿ ಒಂದು ವಾರವಾಯಿತು. ನಮ್ಮದೂ ನೆಲಮಹಡಿ. ಹೆದರಿ ಕೇಬಲ್ ಲಾಕ್ ತಂದೆ. ಎರಡು ಗಂಟೆ ಒದ್ದಾಡಿದರೂ ತುದಿ ಒಳಗೆ ಹೋಗುತ್ತಿಲ್ಲ. ಮಗಳ ಹತ್ತು ವರ್ಷದ ಫೋಟೋ ಎಲ್ಲ ಇದರಲ್ಲೇ ಇದೆ. ಏನು ಮಾಡಲಿ?

ಹಳೇಕೀಬೋರ್ಡ್: ಕೀ ತಿರುಗಿಸಿ, ತುದಿಯ ಅಡ್ಡಪಟ್ಟಿಯನ್ನು ತೂತಿಗೆ ನೇರ ಮಾಡಿ ಒಳಗೆ ಹಾಕಿ. ಆಮೇಲೆ ವಾಪಸ್ ತಿರುಗಿಸಿ. ಎಲ್ಲರೂ ತಪ್ಪುವುದು ಇಲ್ಲೇ.

ಮಳೆಹನಿ: ಹಾಗೇ ಮಾಡಿದೆ. ಇಲ್ಲ.

ಹಳೇಕೀಬೋರ್ಡ್: ಹೊಸ ಲಾಕ್ ಬಿಗಿ ಇರುತ್ತದೆ. ಒಂದು ಹನಿ ಮೆಷಿನ್ ಎಣ್ಣೆ ಬಿಡಿ.

ಕಡಲತೀರ: ಎಣ್ಣೆ ಬೇಡವೇ ಬೇಡ, ಬೋರ್ಡ್‌ಗೆ ಇಳಿದೀತು. ನನ್ನ ಪ್ರಕಾರ ಲಾಕೇ ದಂಡ. ದೊಡ್ಡ ಕಟರ್ ತಂದರೆ ಕೇಬಲ್ ಕತ್ತರಿಸಬಹುದು. ಬಿಟ್‌ಲಾಕರ್ ಹಾಕಿ, ಅಂದರೆ ಕೀ ಇಲ್ಲದವರು ಓದಲಾಗದಂತೆ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್ ಸೌಲಭ್ಯ.

ಹಳೇಕೀಬೋರ್ಡ್: ಕಂಡದ್ದನ್ನು ಎತ್ತಿಕೊಂಡು ಓಡುವವನು ಕಟರ್ ತಂದಿರುತ್ತಾನಾ? ನಿಮ್ಮ ಬಿಟ್‌ಲಾಕರ್ ಲ್ಯಾಪ್‌ಟಾಪ್ ವಾಪಸ್ ತರುತ್ತದಾ?

ಕಡಲತೀರ: ತರುವುದಿಲ್ಲ. ಆದರೆ ಎನ್‌ಕ್ರಿಪ್ಟ್ ಆಗದ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಲಾಗಿನ್ ಪಾಸ್‌ವರ್ಡ್ ಇದ್ದರೂ ಫೈಲ್ ತೆರೆಯುತ್ತವೆ. ನನಗೆ ಅದೇ ದೊಡ್ಡ ಭಯ.

ಸರ್ಕ್ಯೂಟ್: ಮಾಡೆಲ್ ಯಾವುದು ಅಂತ ಯಾರೂ ಕೇಳಲೇ ಇಲ್ಲವಲ್ಲ!

ಮಳೆಹನಿ: ಡೆಲ್ ಇನ್‌ಸ್ಪಿರಾನ್. ಎಲ್ಲದಕ್ಕೂ ಒಂದೇ ತೂತು ಅಲ್ವಾ?

ಸರ್ಕ್ಯೂಟ್: ಅಲ್ಲ. ಮಾಮೂಲಿ ಕೆನ್ಸಿಂಗ್ಟನ್ ತೂತು 7 × 3 ಮಿ.ಮೀ. ನ್ಯಾನೊ ಅಂದರೆ 6 × 2.5. ಹಲವು ಡೆಲ್‌ಗಳಲ್ಲಿ ವೆಡ್ಜ್ ಅಂತ ಬೇರೆಯೇ ಇದೆ, ಅದರ ಒಳಗೋಡೆ ಓರೆ. ಸ್ಕೇಲ್ ಇಟ್ಟು ಅಳೆಯಿರಿ. ಒತ್ತಬೇಡಿ, ಬಾಡಿ ಸೀಳುತ್ತದೆ. ಕೇಬಲ್ ಯಾವುದಕ್ಕೆ ಸುತ್ತುತ್ತೀರಿ?

ಮಳೆಹನಿ: ಮೇಜಿನ ಕಾಲಿಗೆ.

ಸರ್ಕ್ಯೂಟ್: ಮೇಜು ಸ್ವಲ್ಪ ಎತ್ತಿದರೆ ಕುಣಿಕೆ ಕೆಳಗಿನಿಂದ ಜಾರಿಬಿಡುತ್ತದೆ. ಕಾಲುಗಳ ನಡುವೆ ಅಡ್ಡಪಟ್ಟಿ ಇದ್ದರೆ ಅದಕ್ಕೆ ಸುತ್ತಿ. ಕಿಟಕಿ ಹತ್ತಿರ ಮಾತ್ರ ಇಡಬೇಡಿ.

ಹಳೇಕೀಬೋರ್ಡ್: ನಾನು ಗೋಡೆಗೇ ಆಂಕರ್ ಬೋಲ್ಟ್ ಹೊಡೆಸಿದ್ದೇನೆ. ಡೆಸ್ಕ್‌ಟಾಪ್ ಕ್ಯಾಬಿನೆಟ್ ಹಿಂದಿನ ಕೊಂಡಿ, ಎರಡು ಮಾನಿಟರ್, ಎಲ್ಲ ಒಂದೇ ಕೇಬಲಿನಲ್ಲಿ. ಫೋಟೋ ಹಾಕಲಾ?

ಕಡಲತೀರ: ಅದು ಆಮೇಲೆ. ಮಳೆಹನಿ ಅವರೇ, ಇವತ್ತೇ ಮಗಳ ಫೋಟೋಗಳನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ ಬೇರೆ ಮನೆಯಲ್ಲಿಡಿ. ಲ್ಯಾಪ್‌ಟಾಪ್ ಕೆಳಗಿರುವ ಸರ್ವಿಸ್ ಟ್ಯಾಗ್, ಅಂದರೆ ಅದರ ಗುರುತಿನ ಸಂಖ್ಯೆ, ಬರೆದಿಟ್ಟುಕೊಳ್ಳಿ, ದೂರು ಕೊಡುವಾಗ ಬೇಕು.

ಮಳೆಹನಿ: ಬಿಟ್‌ಲಾಕರ್ ಕಾಣುತ್ತಿಲ್ಲ. ವಿಂಡೋಸ್ 11 ಹೋಮ್.

ಸರ್ಕ್ಯೂಟ್: ಹೋಮ್‌ನಲ್ಲಿ ಅದೇ ಕೆಲಸಕ್ಕೆ ಡಿವೈಸ್ ಎನ್‌ಕ್ರಿಪ್ಷನ್ ಅಂತಿರುತ್ತದೆ. ಸೆಟ್ಟಿಂಗ್ಸ್‌ನ ಪ್ರೈವಸಿ ಆಂಡ್ ಸೆಕ್ಯುರಿಟಿಯಲ್ಲಿ ನೋಡಿ. ಎಲ್ಲ ಮೆಷಿನ್‌ಗಳಲ್ಲೂ ಬರುವುದಿಲ್ಲ. ಇದ್ದರೆ, ಡಿಸ್ಕ್ ಲಾಕ್ ಆದಾಗ ತೆರೆಯಲು ಬೇಕಾಗುವ 48 ಅಂಕಿಯ ರಿಕವರಿ ಕೀ ಬರೆದಿಡಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಲ್ಲ.

ಮಳೆಹನಿ: ಫೋಟೋ ಕಾಪಿಗೆ ಹಾಕಿದ್ದೇನೆ, ಮೂರು ಗಂಟೆ ತೋರಿಸುತ್ತಿದೆ. ಮೇಜಿಗೆ ಅಡ್ಡಪಟ್ಟಿ ಇದೆ. ತೂತು ಅಳೆದು ಬರುತ್ತೇನೆ.