ಬಿ550 ಮದರ್‌ಬೋರ್ಡ್: ರೈಜನ್ 5 5600 ಪ್ರೊಸೆಸರ್ ಹಾಕಿದ್ರೆ ಡಿಸ್‌ಪ್ಲೇ ಇಲ್ಲ, ಹಳೇ 3100 ಹಾಕಿದ್ರೆ ಯುಎಸ್‌ಬಿ ಬಿಟ್ಟು ಬಿಟ್ಟು ಹೋಗುತ್ತೆ

ತುಂಗಾತೀರ:
ನಮಸ್ಕಾರ. ಮನೆಯಲ್ಲೇ ಜೋಡಿಸಿದ ಪಿಸಿ. 2020ರ ಸ್ಟಾಕಿನ ಬಿ550 ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್, 550 ವ್ಯಾಟ್ ಎಸ್‌ಎಂಪಿಎಸ್. ಇಲ್ಲಿವರೆಗೆ ರೈಜನ್ 3 3100 ಇತ್ತು. ಈಗ ರೈಜನ್ 5 5600 ಕೂರಿಸಿದ್ರೆ ಫ್ಯಾನ್ ತಿರುಗುತ್ತೆ, ಸಿಪಿಯು ಎಲ್‌ಇಡಿ ಕೆಂಪಗೆ ಹತ್ತಿಕೊಂಡೇ ಇರುತ್ತೆ, ಡಿಸ್‌ಪ್ಲೇ ಬರಲ್ಲ. 3100 ವಾಪಸ್ ಹಾಕಿದ್ರೆ ಬೂಟ್ ಆಗುತ್ತೆ. ಆದ್ರೆ ಅದರಲ್ಲೂ ಮೊದಲಿಂದ ಒಂದು ಕಾಟ: ವೆಬ್‌ಕ್ಯಾಮ್, ಯುಎಸ್‌ಬಿ ಮೈಕ್ ಎರಡೂ ಕೆಲಸದ ಮಧ್ಯೆ ಕಳಚಿಕೊಂಡು ಮತ್ತೆ ತಾವೇ ಸೇರಿಕೊಳ್ಳುತ್ತವೆ. ಕೇಬಲ್ ಬದಲಿಸಿ ಆಯ್ತು. ಕೆಟ್ಟಿರೋದು ಪ್ರೊಸೆಸರಾ, ಬೋರ್ಡಾ?

ಹಳೇಜಂಪರ್:
ಎರಡೂ ಕೆಟ್ಟಿರಲಿಕ್ಕಿಲ್ಲ. ವಿಂಡೋಸ್‌ನ ರನ್ ಬಾಕ್ಸಲ್ಲಿ ಎಂಎಸ್‌ಇನ್ಫೋ32 ಅಂತ ಟೈಪ್ ಮಾಡಿ ಬಯಾಸ್ (ಬೋರ್ಡ್ ಒಳಗೇ ಇದ್ದು ಪಿಸಿ ಚಾಲೂ ಮಾಡೋ ಸಾಫ್ಟ್‌ವೇರ್) ದಿನಾಂಕ ನೋಡಿ. 5600 ಮಾರುಕಟ್ಟೆಗೆ ಬಂದಿದ್ದು 2022ರ ಏಪ್ರಿಲ್‌ನಲ್ಲಿ. 2020ರ ಬಯಾಸ್‌ಗೆ ಅದರ ಗುರುತೇ ಇಲ್ಲ, ಹಾಗಾಗಿ ಸಿಪಿಯು ಹಂತದಲ್ಲೇ ನಿಂತುಬಿಡುತ್ತೆ.

ನಿಮ್ಮ ಹತ್ರ 3100 ಇರೋದು ಅನುಕೂಲ. ಅದನ್ನೇ ಹಾಕಿ ಬಯಾಸ್ ಅಪ್‌ಡೇಟ್ ಮಾಡಿ. ಬೋರ್ಡ್ ಕಂಪನಿಯ ಸೈಟಲ್ಲಿ ನಿಮ್ಮದೇ ಮಾಡೆಲ್, ನಿಮ್ಮದೇ ರಿವಿಷನ್ ತೆಗೆದು, ಸಿಪಿಯು ಸಪೋರ್ಟ್ ಪಟ್ಟಿಯಲ್ಲಿ 5600 ಎದುರು ಯಾವ ವರ್ಷನ್ ಇದೆ ನೋಡಿ. ಅದು ಅಥವಾ ಅದಕ್ಕಿಂತ ಹೊಸದು ಬೇಕು. ಪೆನ್‌ಡ್ರೈವ್ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಫೈಲ್ ಅನ್‌ಜಿಪ್ ಮಾಡಿ ಹಾಕಿ, ಬಯಾಸ್ ಒಳಗಿರೋ ಫ್ಲ್ಯಾಶ್ ಟೂಲಿಂದಲೇ ಓಡಿಸಿ. ವಿಂಡೋಸ್ ಒಳಗಿಂದ ಬೇಡ. ಯುಪಿಎಸ್ ಇದ್ರೆ ಅದರ ಮೇಲೆ ಮಾಡಿ, ನಡುವೆ ಕರೆಂಟ್ ಹೋದ್ರೆ ಬೋರ್ಡ್ ಏಳೋದೇ ಇಲ್ಲ. ಮುಗಿದ ಮೇಲೆ ರ‍್ಯಾಮ್ ಟ್ರೇನಿಂಗ್‌ಗೆ (ಬೋರ್ಡ್ ಅದನ್ನು ಹೊಂದಿಸಿಕೊಳ್ಳೋಕೆ) ಕೆಲವು ನಿಮಿಷ ಪರದೆ ಕಪ್ಪಗಿರಬಹುದು, ಗಾಬರಿಯಾಗಿ ಪವರ್ ಆಫ್ ಮಾಡಬೇಡಿ.

ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದ್ರೆ ಮೊದಲೇ ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀ ಬೇರೆ ಕಡೆ ಬರೆದಿಟ್ಟುಕೊಳ್ಳಿ.

ಕೆಂಪುಎಲ್‌ಇಡಿ:
ಹಳೇ ಪ್ರೊಸೆಸರ್ ಇಲ್ಲದವರು ಯಾರ ಹತ್ರನಾದ್ರೂ 3400ಜಿ ಇಸ್ಕೊಂಡು ಅಪ್‌ಡೇಟ್ ಮಾಡ್ಬಹುದಲ್ವಾ? ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡೂ ಸಿಗುತ್ತೆ.

ಹಳೇಜಂಪರ್:
ಬೇಡ, ದುಡ್ಡು ದಂಡ. ಹೆಸರಲ್ಲಿ 3000 ಇದ್ರೂ 3400ಜಿ ಒಳಗಿರೋದು ಹಿಂದಿನ ತಲೆಮಾರಿನ ಝೆನ್ ಪ್ಲಸ್ ವಿನ್ಯಾಸ; ಬಿ550 ಅದನ್ನು ಸಪೋರ್ಟ್ ಮಾಡಲ್ಲ. ಬೋರ್ಡಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆಯಾ ನೋಡಿ. ಇದ್ರೆ ಪ್ರೊಸೆಸರ್ ಇಲ್ಲದೆಯೂ ಆಗುತ್ತೆ: ಫೈಲಿಗೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ಹೆಸರೇ ಕೊಟ್ಟು, ಗುರುತು ಹಾಕಿರೋ ಪೋರ್ಟಿಗೇ ಪೆನ್‌ಡ್ರೈವ್ ಚುಚ್ಚಿ, 24 ಪಿನ್ ಮತ್ತು ಸಿಪಿಯುವಿನ 8 ಪಿನ್ ಪವರ್ ಕೇಬಲ್ ಎರಡೂ ಕೊಟ್ಟು ಬಟನ್ ಒತ್ತೋದು.

ಪೋರ್ಟ್‌ಪರೀಕ್ಷಕ:
ಯುಎಸ್‌ಬಿ ಬಗ್ಗೆ. ಬಿ550 ಸೇರಿದ 500 ಸರಣಿಯ ಚಿಪ್‌ಸೆಟ್‌ಗಳಲ್ಲಿ ಹೀಗೆ ಆಗಾಗ ಕಡಿದುಹೋಗುತ್ತೆ ಅಂತ 2021ರ ಫೆಬ್ರವರಿಯಲ್ಲಿ ರೈಜನ್ ತಯಾರಿಸೋ ಎಎಂಡಿಯೇ ಒಪ್ಪಿಕೊಂಡಿತ್ತು. ಪರಿಹಾರ ಬಂದಿದ್ದು ಅಗೇಸಾ (ಬಯಾಸ್ ಒಳಗಿರೋ ಎಎಂಡಿಯ ಕೋಡ್) 1.2.0.2ರಲ್ಲಿ. 5600ಗೋಸ್ಕರ ಹಾಕೋ ಬಯಾಸ್ ಅದಕ್ಕಿಂತ ಹೊಸದೇ ಇರುತ್ತೆ, ಆದ್ದರಿಂದ ಒಂದೇ ಅಪ್‌ಡೇಟಲ್ಲಿ ಎರಡೂ ಸರಿಹೋಗೋ ಸಾಧ್ಯತೆ ಜಾಸ್ತಿ.

ಆಮೇಲೂ ಬಿಟ್ಟುಹೋದ್ರೆ ಬಯಾಸಲ್ಲಿ ಗ್ರಾಫಿಕ್ಸ್ ಸ್ಲಾಟಿನ ಪಿಸಿಐಇ ವೇಗವನ್ನು ಆಟೋದಿಂದ ಜೆನ್ 3ಕ್ಕೆ (ಮೂರನೇ ತಲೆಮಾರಿಗೆ) ಇಳಿಸಿ. ನಿಮ್ಮ 6600 ಕಾರ್ಡ್ ಜೆನ್ 4ರಲ್ಲಿ ಓಡ್ತಿರುತ್ತೆ. ಇಳಿಸಿದ್ರೆ ಗೇಮ್ ವೇಗದಲ್ಲಿ ಗಮನಕ್ಕೆ ಬರೋಷ್ಟು ವ್ಯತ್ಯಾಸ ಸಾಮಾನ್ಯವಾಗಿ ಇರಲ್ಲ. ಸಿ-ಸ್ಟೇಟ್ (ಪ್ರೊಸೆಸರ್ ವಿದ್ಯುತ್ ಉಳಿಸೋ ಸೆಟ್ಟಿಂಗ್) ಆಫ್ ಮಾಡೋದು ಪರೀಕ್ಷೆಗೆ ಮಾತ್ರ, ಖಾಲಿ ಕೂತಾಗಲೂ ವಿದ್ಯುತ್ ಹೆಚ್ಚು ತಿನ್ನುತ್ತೆ.

ಮೈಕ್ ಕ್ಯಾಬಿನೆಟ್ ಮುಂದಿನ ಪೋರ್ಟಲ್ಲಿದೆಯಾ? ಅದನ್ನು ಹಿಂದುಗಡೆ, ನೇರ ಬೋರ್ಡಿಗೆ ಹಾಕಿ. ಮುಂದಿನದಕ್ಕೆ ಹೋಗೋ 19 ಪಿನ್ ಕೇಬಲ್ ಸಡಿಲ ಇದ್ರೂ, ಒಂದು ಪಿನ್ ಬಾಗಿದ್ರೂ ಇದೇ ಲಕ್ಷಣ. ಹಿಂದಿನ ಪೋರ್ಟುಗಳಲ್ಲಿ ಕೆಲವು ಪ್ರೊಸೆಸರ್‌ನಿಂದಲೇ ಬರುತ್ತವೆ, ಉಳಿದವು ಚಿಪ್‌ಸೆಟ್‌ನಿಂದ. ಮ್ಯಾನ್ಯುಯಲ್‌ನ ಚಿತ್ರ ನೋಡಿ ಮೈಕ್ ಒಂದರಲ್ಲಿ, ಕ್ಯಾಮ್ ಇನ್ನೊಂದರಲ್ಲಿ ಹಾಕಿದ್ರೆ ತೊಂದರೆ ಯಾವ ಕಡೆಯದು ಅಂತ ಬೇಗ ಗೊತ್ತಾಗುತ್ತೆ.

ತುಂಗಾತೀರ:
ದಿನಾಂಕ 2020 ಜುಲೈ ಅಂತ ಇದೆ. ಮೈಕ್ ಮುಂದೇನೇ ಇತ್ತು, ಹಿಂದಕ್ಕೆ ಹಾಕಿದೆ. ಅಪ್‌ಡೇಟ್ ಆದ ಮೇಲೆ 5600 ಹಾಕುವಾಗ ಇನ್ನೇನಾದ್ರೂ ನೋಡ್ಬೇಕಾ?

ಪೋರ್ಟ್‌ಪರೀಕ್ಷಕ:
ಎರಡು ವಿಷಯ. ನಿಮ್ಮ ಬೋರ್ಡಿನ ಎಎಂ4 ಸಾಕೆಟ್ ಮಾದರಿಯಲ್ಲಿ ಪಿನ್ ಇರೋದು ಪ್ರೊಸೆಸರ್ ಕೆಳಗೆ. ಕೂಲರ್ ಕೆಳಗಿನ ಥರ್ಮಲ್ ಪೇಸ್ಟ್ ಗಟ್ಟಿಯಾಗಿದ್ರೆ ಕೂಲರ್ ಎತ್ತಿದಾಗ ಲಾಕ್ ಹಾಕಿದ್ರೂ ಪ್ರೊಸೆಸರ್ ಕಿತ್ತುಕೊಂಡು ಬಂದು ಪಿನ್ ಬಾಗುತ್ತೆ. ತೆಗೆಯೋ ಮೊದಲು ಹತ್ತು ನಿಮಿಷ ಪಿಸಿ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ತೆಗೆದು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ಸಡಿಲ ಮಾಡಿಕೊಂಡೇ ಎತ್ತಿ.

ಮೊದಲ ಸಲ ಆನ್ ಮಾಡಿದಾಗ ಹೊಸ ಸಿಪಿಯು ಸಿಕ್ಕಿದೆ, ಎಫ್‌ಟಿಪಿಎಂ (ಬಿಟ್‌ಲಾಕರ್‌ನಂಥವುಗಳ ಕೀ ಕಾಯೋ ಭದ್ರತಾ ಭಾಗ) ರೀಸೆಟ್ ಮಾಡಲಾ ಅಂತ ಕೇಳಬಹುದು. ವೈ ಒತ್ತಿದ್ರೆ ಹಳೇ ಕೀಗಳು ಅಳಿಸಿಹೋಗುತ್ತವೆ. ರಿಕವರಿ ಕೀ ಕೈಯಲ್ಲಿಲ್ಲ ಅಂದ್ರೆ ಎನ್ ಒತ್ತಿ. 3100 ವಾಪಸ್ ಹಾಕಿ ಡೇಟಾ ತೆಗೆದುಕೊಳ್ಳೋ ದಾರಿ ಉಳಿಯುತ್ತೆ.