ಪದಚರ್ಚೆ: ಫೋರ್ ವೀಲ್ ‘ಹಾಕು’, ‘ತೆಗೆ’, ಮತ್ತು ಶಾಫ್ಟಿಗೆ ಏರುವ ‘ಹುರಿ’

ಎಲ್ಲರಿಗೂ ನಮಸ್ಕಾರ.

ಒಂದು ಕೆಲಸಕ್ಕೆ ನಿಮ್ಮೆಲ್ಲರ ನೆರವು ಬೇಕಿದೆ. ನಮ್ಮ ಮೂಡಿಗೆರೆ ಕಡೆ ತೋಟದ ಜೀಪು, ಬಾಡಿಗೆ ಜೀಪು ಓಡಿಸುವ ಹುಡುಗರಿಗಾಗಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಫೋರ್ ವೀಲ್ ಡ್ರೈವ್ ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು, ಹಾಕಿದಾಗ ಏನು ಮಾಡಬಾರದು, ಇಷ್ಟೇ ವಿಷಯ. ಗಾಡಿಯ ಜೊತೆ ಬರುವ ಪುಸ್ತಕ ಇಂಗ್ಲಿಷಿನಲ್ಲಿದೆ. ಅದನ್ನು ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆದವರು ಕಮ್ಮಿ. ಕನ್ನಡದಲ್ಲಿ ಬರೆದು ಸ್ಟೀರಿಂಗ್ ಪಕ್ಕದಲ್ಲಿ ಅಂಟಿಸಿದರೆ ಖಂಡಿತ ಓದುತ್ತಾರೆ. ಆದರೆ ಬರೆಯಲು ಕೂತರೆ ಕೆಲವು ಕಡೆ ಪದ ಸಿಗದೆ ಪೆನ್ನು ನಿಲ್ಲುತ್ತಿದೆ. ಪದ ಗೊಂದಲವಾದರೆ ಗೇರ್‌ಬಾಕ್ಸಿಗೇ ಪೆಟ್ಟು ಬೀಳುವಂಥ ವಿಷಯ ಇದು. ಅದಕ್ಕೇ ಕೇಳುತ್ತಿದ್ದೇನೆ.

ಮೊದಲು ಹೆಸರಿನ ತೊಡಕು. ‘ಚತುಶ್ಚಕ್ರ ಚಾಲನೆ’ ಎಂದು ಬರೆದರೆ ಡ್ರೈವರುಗಳಲ್ಲಿ ಒಬ್ಬರೂ ಓದುವುದಿಲ್ಲ, ಅದನ್ನು ಬಿಟ್ಟೆ. ‘ನಾಲ್ಕು ಚಕ್ರದ ಚಾಲನೆ’ ಸುಲಭವಾಗಿ ಕಾಣುತ್ತದೆ, ಆದರೆ ಅಲ್ಲೂ ಒಂದು ಎಡವಟ್ಟಿದೆ. ನಮ್ಮಲ್ಲಿ ‘ಫೋರ್ ವೀಲರ್’ ಅಂದರೆ ಯಾವುದೇ ಕಾರು. ಬೈಕಿಗೆ ಟೂ ವೀಲರ್, ಆಟೋಗೆ ತ್ರೀ ವೀಲರ್, ಕಾರಿಗೆ ಫೋರ್ ವೀಲರ್. ಹಾಗಾಗಿ ‘ನಾಲ್ಕು ಚಕ್ರದ ಗಾಡಿ ಓಡಿಸುವ ಬಗೆ’ ಅಂದರೆ ಕಾರು ಕಲಿಸುವ ಸ್ಕೂಲಿನ ಬೋರ್ಡಿನ ಹಾಗೆ ಕೇಳಿಸುತ್ತದೆ. ನನಗೆ ಸದ್ಯಕ್ಕೆ ಸರಿ ಅನ್ನಿಸಿರುವುದು ‘ನಾಲ್ಕೂ ಚಕ್ರಕ್ಕೆ ಎಳೆತ’. ಆ ‘ನಾಲ್ಕೂ’ ಎಂಬುದರ ದೀರ್ಘ ಇಲ್ಲಿ ದೊಡ್ಡ ಕೆಲಸ ಮಾಡುತ್ತದೆ. ಗಾಡಿಗೆ ನಾಲ್ಕು ಚಕ್ರ ಇದ್ದೇ ಇದೆ. ಎಂಜಿನ್ನಿನ ಎಳೆತ ನಾಲ್ಕಕ್ಕೂ ಹೋಗುತ್ತಿದೆಯೋ, ಬರೀ ಹಿಂದಿನ ಎರಡಕ್ಕೆ ಹೋಗುತ್ತಿದೆಯೋ ಎಂಬುದೇ ಪ್ರಶ್ನೆ. ತಲೆಬರಹಕ್ಕೆ ಇದು, ಒಳಗೆಲ್ಲ ‘ಫೋರ್ ವೀಲ್’ ಎಂದೇ ಬರೆಯೋಣ ಅಂತ ನನ್ನ ಮನಸ್ಸು. ನಿಮಗೆ ಹೇಗನ್ನಿಸುತ್ತದೆ?

ಕ್ರಿಯಾಪದದ ವಿಷಯದಲ್ಲಿ ನನಗೆ ಸಂದೇಹ ಇಲ್ಲ. ‘ಫೋರ್ ಹಾಕು’, ‘ಫೋರ್ ತೆಗಿ’, ಇವೆರಡೇ ಸಾಕು. ‘ಗೇರ್ ಬೀಳ್ತಿಲ್ಲ’ ಎನ್ನುವುದೂ ಎಲ್ಲರ ಬಾಯಲ್ಲಿದೆ. ಗೆಳೆಯರೊಬ್ಬರು ‘ಹೂಡು’ ಎಂಬ ಪದ ಸೂಚಿಸಿದರು. ನೇಗಿಲು ಹೂಡುವುದು, ಎತ್ತು ಹೂಡುವುದು ಇದ್ದ ಹಾಗೆ ಮುಂದಿನ ಅಚ್ಚನ್ನು (ಆಕ್ಸಲ್) ಎಳೆತಕ್ಕೆ ಹೂಡುವುದು. ಅರ್ಥ ಬಹಳ ಚೆನ್ನಾಗಿ ಕೂಡುತ್ತದೆ. ಆದರೆ ಏರಿನಲ್ಲಿ, ಮಳೆಯಲ್ಲಿ, ಹಿಂದೆ ಐದಾರು ಜನ ಕೂತಿರುವಾಗ ಬಾಯಿಗೆ ಬರುವ ಪದ ‘ಹಾಕು’ ಒಂದೇ. ಆ ಹೊತ್ತಿನ ಪದವೇ ಸೂಚನೆಯಲ್ಲೂ ಇರಬೇಕು.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಫೋರ್ ವೀಲನ್ನು ಗಟ್ಟಿ ಟಾರ್ ರಸ್ತೆಯಲ್ಲಿ ಯಾಕೆ ಹಾಕಬಾರದು ಎಂಬುದನ್ನು ಹೇಳಬೇಕು. ‘ಹಾಕಬೇಡಿ’ ಅಂತಷ್ಟೇ ಬರೆದರೆ ಪ್ರಯೋಜನ ಇಲ್ಲ. ಕಾರಣ ಗೊತ್ತಾದರೆ ಮಾತ್ರ ಕೈ ತಾನಾಗಿ ತೆಗೆಯುತ್ತದೆ.

ಕಾರಣ ಹೀಗಿದೆ. ಥಾರ್, ಜಿಮ್ನಿ, ಹಳೆಯ ಜಿಪ್ಸಿ, ಹಳೆಯ ಮಹೀಂದ್ರ ಜೀಪು, ಇವುಗಳಲ್ಲಿ ಫೋರ್ ಹಾಕಿದ ತಕ್ಷಣ ಮುಂದಿನ ಶಾಫ್ಟು, ಹಿಂದಿನ ಶಾಫ್ಟು (ಎಂಜಿನ್ನಿನ ಎಳೆತವನ್ನು ಅಚ್ಚಿಗೆ ಒಯ್ಯುವ ತಿರುಗುವ ದಂಡ) ಎರಡೂ ಒಂದಕ್ಕೊಂದು ಬಿಗಿಯಾಗಿ ಜೋಡಿಕೊಳ್ಳುತ್ತವೆ. ಒಂದು ಎಷ್ಟು ಸುತ್ತು ತಿರುಗಿದರೆ ಇನ್ನೊಂದೂ ಅಷ್ಟೇ ತಿರುಗಬೇಕು. ನೆಟ್ಟಗೆ ಹೋಗುವಾಗ ಹೆಚ್ಚು ತೊಂದರೆ ಇಲ್ಲ. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಲೆಕ್ಕ ಮಾಡಿ ನೋಡಿದೆ. ಥಾರಿನ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 2.45 ಮೀಟರ್ ಇದೆ. ಹಿಂದಿನ ಅಚ್ಚಿನ ನಡುಭಾಗ 5 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತಿದೆ ಅಂತಿಟ್ಟುಕೊಳ್ಳಿ, ಬಿಗಿಯಾದ ಘಾಟಿ ತಿರುವಿನ ಹಾಗೆ. ಗಾಡಿ ಕಾಲು ಸುತ್ತು ತಿರುಗುವಷ್ಟರಲ್ಲಿ ಹಿಂದಿನ ಅಚ್ಚು ಸುಮಾರು 7.85 ಮೀಟರ್ ಹೋಗಿರುತ್ತದೆ, ಮುಂದಿನದು ಸುಮಾರು 8.75 ಮೀಟರ್. ವ್ಯತ್ಯಾಸ 90 ಸೆಂಟಿಮೀಟರ್. ಟೈರಿನ ಒಂದು ಸುತ್ತಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ. ಕೆಸರಿನಲ್ಲಾದರೆ ಟೈರು ಸ್ವಲ್ಪ ಜಾರಿ ಈ 90 ಸೆಂಟಿಮೀಟರನ್ನು ಸರಿಮಾಡಿಕೊಳ್ಳುತ್ತದೆ. ಒಣ ಟಾರಿನಲ್ಲಿ ಟೈರು ಜಾರಲು ಒಪ್ಪುವುದಿಲ್ಲ. ಆಗ ಆ ಜಗ್ಗಾಟವೆಲ್ಲ ಶಾಫ್ಟು, ಗೇರು, ಜಾಯಿಂಟುಗಳ ಮೇಲೆ ಬೀಳುತ್ತದೆ. ಸ್ಟೀರಿಂಗ್ ಭಾರವಾಗುತ್ತದೆ, ಗಾಡಿ ಯಾರೋ ಹಿಂದಿನಿಂದ ಹಿಡಿದಂತೆ ತಡೆಯುತ್ತದೆ, ಟೈರು ಕಿರ್ ಎನ್ನುತ್ತದೆ. ಕೊನೆಗೆ ಲಿವರ್ ತೆಗೆಯಲು ಹೋದರೆ ಬರುವುದೇ ಇಲ್ಲ.

ಇದಕ್ಕೆ ಪದ ಏನು? ‘ಬಿಗಿಯುತ್ತದೆ’ ಅಂದರೆ ಬೋಲ್ಟ್ ಬಿಗಿದ ಹಾಗಾಗುತ್ತದೆ. ‘ಜಾಮ್ ಆಗುತ್ತದೆ’ ಅಂದರೆ ಏನೋ ಅಡ್ಡ ಸಿಕ್ಕಿಕೊಂಡಿದೆ ಎಂಬ ಅರ್ಥ ಬರುತ್ತದೆ, ಹುಡುಗರು ಲಿವರಿಗೆ ಇನ್ನೂ ಬಲ ಹಾಕುತ್ತಾರೆ. ‘ಒತ್ತಡ’ ತೀರಾ ಸಪ್ಪೆ.

ನನಗೆ ಪದ ಸಿಕ್ಕಿದ್ದು ಒಂದು ತೋಟದ ಗೇಟಿನ ಹತ್ತಿರ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಕೆಸರಿನ ದಾರಿಯಲ್ಲಿ ಹಾಕಿದ ಫೋರನ್ನು ತೆಗೆಯದೆ ಟಾರ್ ರಸ್ತೆಯಲ್ಲೇ ಎರಡು ಮೂರು ಹಿಮ್ಮುರಿ ತಿರುವು ಇಳಿದು ಬಂದಿದ್ದ. ಗೇಟಿನ ಹತ್ತಿರ ನಿಂತು ಎರಡೂ ಕೈಯಲ್ಲಿ ಲಿವರ್ ಎಳೆಯುತ್ತಿದ್ದ. “ಅಣ್ಣಾ, ಗೇರ್ ಕಚ್ಕೊಂಡಿದೆ, ಬರ್ತಾನೇ ಇಲ್ಲ” ಅಂದ. ಅಲ್ಲಿದ್ದ ವಯಸ್ಸಾದ ಡ್ರೈವರ್ ಹತ್ತಿರ ಹೋಗಲೂ ಇಲ್ಲ. ನಿಂತಲ್ಲಿಂದಲೇ ಹೇಳಿದರು: “ಎಳೀಬೇಡ ಮಾರಾಯ. ಒಳಗೆ ಹುರಿ ಏರಿದೆ. ಸ್ಟೀರಿಂಗ್ ನೆಟ್ಟಗೆ ಮಾಡ್ಕೊಂಡು ಸ್ವಲ್ಪ ಹಿಂದಕ್ಕೆ ತಗೋ, ತಾನೇ ಬಿಡುತ್ತೆ.” ಹುಡುಗ ಒಂದೆರಡು ಗಾಡಿಯುದ್ದ ನೆಟ್ಟಗೆ ರಿವರ್ಸ್ ಬಂದ. ಕೆಳಗಿನಿಂದ ಟಕ್ ಅಂತ ಒಂದು ಸದ್ದು ಬಂತು. ಲಿವರ್ ಎರಡು ಬೆರಳಲ್ಲಿ ಹಿಡಿದರೆ ಬಂತು.

ಹುರಿ! ಹಗ್ಗ ಹೊಸೆಯುವಾಗ ಒಂದು ತುದಿ ಹಿಡಿದು ಇನ್ನೊಂದು ತುದಿ ತಿರುಚಿದರೆ ನಡುವೆ ಹುರಿ ಏರುತ್ತದಲ್ಲ, ಶಾಫ್ಟಿನಲ್ಲಿ ಆಗುವುದು ಅಕ್ಷರಶಃ ಅದೇ. ಎರಡು ತುದಿ ಬೇರೆ ಬೇರೆ ಲೆಕ್ಕದಲ್ಲಿ ತಿರುಗಲು ನೋಡುತ್ತವೆ, ನಡುವಿನದು ತಿರುಚಿಕೊಳ್ಳುತ್ತದೆ. ಹಿಂದಕ್ಕೆ ತಿರುಗಿಸಿದರೆ ಹುರಿ ಬಿಡುತ್ತದೆ. ಪದದೊಳಗೇ ಕಾರಣವೂ ಇದೆ, ಪರಿಹಾರವೂ ಇದೆ. ‘ಹುರಿ ಏರುತ್ತದೆ’, ‘ಹುರಿ ಬಿಡಿಸು’ ಎಂದು ಸೂಚನೆಯಲ್ಲಿ ಬರೆದುಬಿಟ್ಟಿದ್ದೇನೆ. ನನ್ನ ಪ್ರಶ್ನೆ ಇಷ್ಟು: ಹಗ್ಗ ಹೊಸೆಯುವುದನ್ನು ನೋಡದ ಈಗಿನ ಹುಡುಗರಿಗೆ ಇದು ಹೊಳೆಯುತ್ತದಾ? ಬಯಲುಸೀಮೆಯಲ್ಲಿ, ಉತ್ತರ ಕರ್ನಾಟಕದಲ್ಲಿ ಇದೇ ಅರ್ಥಕ್ಕೆ ಬೇರೆ ಪದ ಇದೆಯಾ? ಟ್ರ್ಯಾಕ್ಟರ್ ಓಡಿಸುವವರ ಬಾಯಲ್ಲಿ ಏನಾದರೂ ಇರಬಹುದು.

ಇಲ್ಲಿ ಒಂದು ಮಾತು ಸೇರಿಸಬೇಕು. ತೋಟದ ದಾರಿ ಪೂರ್ತಿ ಕೆಸರೂ ಅಲ್ಲ, ಪೂರ್ತಿ ಗಟ್ಟಿಯೂ ಅಲ್ಲ. ಏರಿರುವ ತಿರುವಿನಲ್ಲಿ ಮಾತ್ರ ಕಾಂಕ್ರೀಟ್ ಹಾಕಿರುತ್ತಾರೆ. ಅಂಥ ಸಣ್ಣ ತುಂಡಿಗೆಲ್ಲ ತೆಗೆದು ಹಾಕಿ ಮಾಡಬೇಕಿಲ್ಲ, ನಿಧಾನವಾಗಿ ದಾಟಿದರೆ ಸಾಕು. ಮುಂದೆ ಕೆಸರು ಸಿಕ್ಕಾಗ ಚಕ್ರ ಜಾರಿ ಹುರಿ ತಾನೇ ಬಿಡುತ್ತದೆ. ಟಾರ್ ರಸ್ತೆ ಸಿಕ್ಕಿತೋ, ತೆಗೆಯಲೇಬೇಕು. ಮಳೆ ಬಂದ ಮಾತ್ರಕ್ಕೆ ಟಾರಿನಲ್ಲಿ ಹಾಕುವುದೂ ಬೇಡ. ನೆಂದ ಟಾರಿನಲ್ಲೂ ಟೈರಿಗೆ ಸಾಕಷ್ಟು ಹಿಡಿತ ಇರುತ್ತದೆ. ಇನ್ನು, ಎಲ್ಲ ಗಾಡಿಗೂ ಈ ಮಾತು ಅನ್ವಯಿಸುವುದಿಲ್ಲ. ಮುಂದಿನ, ಹಿಂದಿನ ಶಾಫ್ಟಿನ ನಡುವೆ ಡಿಫರೆನ್ಷಿಯಲ್ (ಎರಡು ಕಡೆಯೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಇರುವ ಗಾಡಿಗಳಿವೆ, ಬೇಕಾದಾಗ ತಾನೇ ಕೂಡಿಕೊಂಡು ಬೇಡವಾದಾಗ ಬಿಡುವ ಕ್ಲಚ್ ಇರುವ ಗಾಡಿಗಳಿವೆ. ಅವು ಟಾರಿನಲ್ಲೂ ಹಾಯಾಗಿ ತಿರುಗುತ್ತವೆ. ಎರಡು ಬಗೆಗೂ ಜನ ‘ಫೋರ್ ಬೈ ಫೋರ್’ ಎಂದೇ ಹೇಳುವುದರಿಂದ ಗೊಂದಲ ಹುಟ್ಟಿದೆ. ಮೊದಲನೆಯದಕ್ಕೆ ‘ಹಾಕಿ ತೆಗೆಯುವ ಫೋರ್’, ಎರಡನೆಯದಕ್ಕೆ ‘ಸದಾ ಇರುವ ಫೋರ್’, ‘ತಾನೇ ಬೀಳುವ ಫೋರ್’ ಎಂದರೆ ಆಗಬಹುದಾ?

ಮುಂದಿನ ತೊಡಕು ‘ಲೋ’. ಲಿವರಿನ ಮೇಲೆ ಟೂ ಹೈ, ಫೋರ್ ಹೈ, ನ್ಯೂಟ್ರಲ್, ಫೋರ್ ಲೋ ಅಂತ ಇರುತ್ತದೆ. ‘ಹೈ’ ಅಂದರೆ ಜಾಸ್ತಿ ಶಕ್ತಿ, ‘ಲೋ’ ಅಂದರೆ ಕಮ್ಮಿ ಶಕ್ತಿ ಎಂದು ತಿಳಿದವರು ಬಹಳ ಜನ ಇದ್ದಾರೆ. ಅದಕ್ಕೇ ಕಡಿದಾದ ಏರಿಗೆ ಫೋರ್ ಹೈ ಹಾಕಿ, ಅರ್ಧ ಕ್ಲಚ್ಚಿನಲ್ಲಿ ಕೂಗಿಸಿ, ಕ್ಲಚ್ ಸುಟ್ಟ ವಾಸನೆ ಬರಿಸುತ್ತಾರೆ. ನಿಜಕ್ಕೂ ಹೈ, ಲೋ ಎಂಬುದು ವೇಗದ ಮಾತು. ಲೋ ಹಾಕಿದರೆ ವೇಗ ಇಳಿಯುತ್ತದೆ, ಎಳೆತ ಏರುತ್ತದೆ. ಥಾರಿನಲ್ಲಿ ಸುಮಾರು ಎರಡೂವರೆ ಪಟ್ಟು, ಜಿಮ್ನಿಯಲ್ಲಿ ಎರಡು ಪಟ್ಟು. 1941ರ ವಿಲ್ಲೀಸ್ ಜೀಪಿನಲ್ಲೂ ಹತ್ತಿರ ಹತ್ತಿರ ಎರಡು ಪಟ್ಟೇ ಇತ್ತು. ಆ ಜೀಪಿನಲ್ಲಿ ಮುಂದಿನ ಅಚ್ಚಿಗೆ ಒಂದು, ಹೈ-ಲೋಗೆ ಇನ್ನೊಂದು ಅಂತ ಎರಡು ಬೇರೆ ಲಿವರ್ ಇದ್ದವು. ಹಾಗಾಗಿ ಎರಡೂ ಬೇರೆ ಬೇರೆ ಕೆಲಸ ಎಂಬುದು ಕೈಗೇ ಗೊತ್ತಾಗುತ್ತಿತ್ತು. ಈಗ ಒಂದೇ ಲಿವರಿನಲ್ಲಿ ಎರಡೂ ಸೇರಿರುವುದರಿಂದ ಮೇಲೆ ಬರೆದ ಪದದ ಮೇಲೇ ಎಲ್ಲ ನಿಂತಿದೆ.

ಲೋಗೆ ‘ಕಸುವಿನ ಗೇರು’ ಎಂದು ಬರೆದಿದ್ದೇನೆ. ‘ಎಳೆತದ ಗೇರು’ ಎಂದೂ ಹೇಳಬಹುದು. ನನಗೆ ಕಸುವು ಇಷ್ಟ, ಎತ್ತಿಗೂ ಮಣ್ಣಿಗೂ ಮೈಗೂ ಹೇಳುವ ಪದ ಅದು. ಆದರೆ ಇಳಿಯುವಾಗಲೂ ಇದೇ ಗೇರು ಬೇಕು, ಅಲ್ಲಿ ಕಸುವಿಗಿಂತ ತಡೆಯುವ ಕೆಲಸ ಮುಖ್ಯ. ಕೊಡಚಾದ್ರಿಯಂಥ ಕಲ್ಲಿನ ಇಳಿಜಾರಿನಲ್ಲಿ ಫೋರ್ ಲೋ, ಮೊದಲನೇ ಗೇರು, ಕ್ಲಚ್ಚಿನಿಂದ ಕಾಲು ತೆಗೆದು ಎಂಜಿನ್ನಿನ ಮೇಲೇ ಇಳಿಯಬೇಕು. ಅದಕ್ಕೆ ‘ಗೇರಲ್ಲೇ ಇಳಿಸು’ ಎಂಬ ಒಳ್ಳೆಯ ಮಾತು ಆಗಲೇ ಇದೆ. ಇದರ ಜೊತೆಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು ಹಾಕಿದ್ದೇನೆ: ‘ಫೋರ್ ಹಾಕಿದರೆ ಬ್ರೇಕ್ ಜಾಸ್ತಿ ಹಿಡಿಯುವುದಿಲ್ಲ.’ ಬ್ರೇಕ್ ಯಾವಾಗಲೂ ನಾಲ್ಕೂ ಚಕ್ರಕ್ಕೆ ಇದ್ದೇ ಇದೆ. ಕೆಸರಿನಲ್ಲಿ ಹೊರಡಲು ಸುಲಭವಾಯಿತು ಅಂದರೆ ನಿಲ್ಲಲೂ ಸುಲಭ ಎಂದಲ್ಲ. ಈ ಸಾಲನ್ನು ಯಾರೂ ತೆಗೆಸಬೇಡಿ ಅಂತ ಮೊದಲೇ ಕೇಳಿಕೊಳ್ಳುತ್ತೇನೆ.

‘ಜಾರು’ ಎಂಬ ಒಂದೇ ಪದಕ್ಕೆ ಎರಡು ಕೆಲಸ ಬಿದ್ದಿರುವುದು ಇನ್ನೊಂದು ತೊಂದರೆ. ಗಾಡಿ ಪೂರ್ತಿ ಅಡ್ಡಕ್ಕೆ ಜಾರುವುದು ಬೇರೆ, ಗಾಡಿ ನಿಂತಲ್ಲೇ ನಿಂತು ಚಕ್ರ ಗಿರ್ರನೆ ತಿರುಗುವುದು ಬೇರೆ. ಎರಡನೆಯದಕ್ಕೆ ‘ಚಕ್ರ ಸುತ್ತುತ್ತದೆ’ ಎಂದು ಬರೆದಿದ್ದೇನೆ. ‘ಚಕ್ರ ಸುತ್ತಿದರೆ ಆಕ್ಸಿಲರೇಟರ್ ಬಿಡಿ. ತುಳಿದಷ್ಟೂ ಹೂತುಕೊಳ್ಳುತ್ತದೆ.’ ಫೋರ್ ಹಾಕಿದ ಮೇಲೂ ಚಕ್ರ ಸುತ್ತುವುದು ಉಂಟು. ಅಚ್ಚಿನ ಡಿಫರೆನ್ಷಿಯಲ್ ಮಾಮೂಲಿನದಾದರೆ ಹಿಡಿತ ಇಲ್ಲದ ಕಡೆಯ ಚಕ್ರ ಸುಮ್ನೆ ಸುತ್ತುತ್ತದೆ, ಇನ್ನೊಂದು ನಿಂತೇ ಇರುತ್ತದೆ. ಫೋರ್ಸ್ ಕಂಪನಿಯ ಗೂರ್ಖಾ ಗಾಡಿಯಲ್ಲಿ ಆ ಡಿಫರೆನ್ಷಿಯಲನ್ನು ಕೈಯಿಂದ ಲಾಕ್ ಮಾಡಬಹುದು. ಅದಕ್ಕೆ ‘ಡಿಫ್ ಲಾಕ್’ ಎಂಬುದನ್ನು ಹಾಗೇ ಉಳಿಸುತ್ತೇನೆ, ಹೊಸ ಪದ ಬೇಡ.

ಹಾಕುವ ಹೊತ್ತಿನ ಬಗ್ಗೆ ಬರೆದಿರುವುದು ಚಿಕ್ಕದು. ಸಿಕ್ಕಿಕೊಂಡ ಮೇಲೆ ಹಾಕುವುದಲ್ಲ, ಕೆಸರಿಗೆ ಇಳಿಯುವ ಮುಂಚೆ ಗಟ್ಟಿ ನೆಲದಲ್ಲೇ ಹಾಕಿಕೊಳ್ಳಬೇಕು. ಲೋಗೆ ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ ಹಾಕಬೇಕು. ಹಳೆಯ ಕೆಲವು ಗಾಡಿಗಳಲ್ಲಿ ಇಳಿದು ಮುಂದಿನ ಚಕ್ರದ ನಡುವಿನ ಗುಂಡಿಯನ್ನು ‘ಫ್ರೀ’ಯಿಂದ ‘ಲಾಕ್’ಗೆ ತಿರುಗಿಸಬೇಕು. ಅದನ್ನು ಮರೆತರೆ ಲಿವರ್ ಹಾಕಿಯೂ ಮುಂದಿನ ಚಕ್ರಕ್ಕೆ ಎಳೆತ ಹೋಗುವುದಿಲ್ಲ.

ಕೊನೆಗೆ ನೆಲದ ಪದಗಳು. ‘ಟೈರು ಜಾರುವಂಥ ನೆಲದಲ್ಲಿ ಮಾತ್ರ ಹಾಕಿ’ ಎಂದು ಒಂದೇ ಸಾಲಿನಲ್ಲಿ ಬರೆಯಬಹುದು. ನನಗದು ಸಾಲದು ಅನ್ನಿಸುತ್ತದೆ. ನೆಲದ ಹೆಸರು ಹೇಳಿದರೆ ಓದುವವನ ಕಣ್ಣಿಗೆ ಅವನದೇ ದಾರಿ ಬರುತ್ತದೆ. ನಮ್ಮ ಕಡೆಗೆ ಕೆಸರು, ಕೊಚ್ಚೆ, ಜೇಡಿ, ಪಾಚಿ ಕಟ್ಟಿದ ಕಲ್ಲು, ಬಿಡಿ ಜಲ್ಲಿ, ನೆಂದ ಹುಲ್ಲು ಎಂದು ಬರೆದಿದ್ದೇನೆ. ಜಾರುವ ಮುರಕಲ್ಲಿನ ಬಗ್ಗೆ ಕರಾವಳಿಯವರು ಹೇಳಬೇಕು. ಗದಗ, ವಿಜಯಪುರದ ಕಡೆಯವರಿಗೆ ಎರೆ ಮಣ್ಣಿನ ಅನುಭವ ಇದೆ. ಒಂದು ಮಳೆ ಬಿದ್ದರೆ ಅದು ಟೈರಿನ ಕಚ್ಚುಗಳಲ್ಲೆಲ್ಲ ಮೆತ್ತಿಕೊಂಡು ಟೈರನ್ನೇ ನುಣ್ಣಗೆ ಮಾಡುತ್ತದೆ. ಹಾಗೆ ಮೆತ್ತಿಕೊಳ್ಳುವುದಕ್ಕೆ ನಿಮ್ಮಲ್ಲಿ ಏನಂತೀರಿ? ಒಣಗಿದ ಹಳ್ಳದ ಉಸುಕಿನಲ್ಲಿ ಗಾಡಿ ಓಡಿಸುವವರು ಟೈರಿನ ಗಾಳಿ ಇಳಿಸುವುದಕ್ಕೆ, ಚಕ್ರ ಉಸುಕಿನಲ್ಲಿ ಇಳಿದುಬಿಡುವುದಕ್ಕೆ ಯಾವ ಮಾತು ಬಳಸುತ್ತೀರಿ?

ಸೂಚನೆಯನ್ನು ಮುಂಗಾರಿಗೆ ಮುಂಚೆ ಅಚ್ಚು ಹಾಕಿಸಿ ಹಂಚಬೇಕು. ಮೇ ಮೂರನೇ ವಾರದೊಳಗೆ ಬರೆದರೆ ಸೇರಿಸಿಕೊಳ್ಳುತ್ತೇನೆ. ‘ಹುರಿ’ಯ ಬಗ್ಗೆಯಂತೂ ಒಂದು ಸಾಲಾದರೂ ತಿಳಿಸಿ. ಅದು ನಿಲ್ಲುತ್ತದೋ ಇಲ್ಲವೋ ನೋಡಿಕೊಂಡು ಉಳಿದದ್ದನ್ನು ತಿದ್ದಬೇಕಿದೆ.