ಮಕ್ಕಳ ಗೆಳೆತನದ ಪ್ರಶ್ನಾವಳಿ: ಎಲ್ಲರೂ ಕೊನೇ ಬಾಕ್ಸಿಗೇ ಟಿಕ್ ಹಾಕಿದ್ರೆ ಏನ್ ಮಾಡೋದು?

ಅರ್ಧಂಬರ್ಧ_ಥೀಸಿಸ್:
ಎಲ್ರಿಗೂ ನಮಸ್ಕಾರ. ಸೈಕಾಲಜಿ ಎಂಎ ಕೊನೇ ವರ್ಷ, ಡಿಸರ್ಟೇಶನ್ನು 8ರಿಂದ 12 ವರ್ಷದ ಮಕ್ಕಳ ಗೆಳೆತನದ ಮೇಲೆ. ಪ್ರಾಮಿಸ್ (ಆರೋಗ್ಯ, ಮನಸ್ಥಿತಿ ಅಳೆಯೋ ಅಮೆರಿಕದ ಪ್ರಶ್ನಾವಳಿಗಳ ಸೆಟ್) ಅವರ ಪೀರ್ ರಿಲೇಶನ್‌ಶಿಪ್ಸ್ ಶಾರ್ಟ್ ಫಾರ್ಮ್ ಇದ್ಯಲ್ಲ, ಓರಗೆಯವರ ಜೊತೆ ಹೇಗಿದ್ದಾರೆ ಅಂತ ಕೇಳೋ ಚಿಕ್ಕ ಫಾರ್ಮು, 8 ವಾಕ್ಯ, ಕಳೆದ 7 ದಿನದ ಲೆಕ್ಕ, ಒಂದೊಂದಕ್ಕೂ 5 ಆಯ್ಕೆ, ಅದನ್ನ ನಾನೇ ಕನ್ನಡಕ್ಕೆ ಮಾಡ್ಕೊಂಡು ಒಂದು ಕ್ಲಾಸಲ್ಲಿ ಪೈಲಟ್ ಮಾಡ್ದೆ. ಮುಕ್ಕಾಲು ಪಾಲು ಮಕ್ಕಳು ಮೇಲಿಂದ ಕೆಳಗಿನ ತನಕ 'ಹೆಚ್ಚುಕಮ್ಮಿ ಯಾವಾಗ್ಲೂ'ಗೇ ಟಿಕ್ ಹಾಕಿ ಕೊಟ್ಬಿಟ್ರು. ಅದೂ ಹೋಗ್ಲಿ ಅಂದ್ರೆ, ಟೀಚರ್ ಒಬ್ಳು ಹುಡುಗಿ ತೋರಿಸಿ "ಇವ್ಳು ಯಾರ ಜೊತೇನೂ ಸೇರಲ್ಲ, ಬ್ರೇಕಲ್ಲೂ ಒಬ್ಳೇ ಕೂತಿರ್ತಾಳೆ" ಅಂದ್ರು, ಆದ್ರೆ ಅವಳ ಶೀಟಲ್ಲೂ ಸ್ಕೋರ್ ಚೆನ್ನಾಗೇ ಇದೆ. ಗೈಡ್ ಕೇಳಿದ್ರೆ "ಮಕ್ಕಳು ಸುಳ್ಳು ಹೇಳ್ತಾರಮ್ಮ, ಟೀಚರ್ ಕೈಲೇ ಫಾರ್ಮ್ ತುಂಬಿಸು" ಅಂತಾರೆ. ಹಾಗೆ ಮಾಡ್ಲಾ?

ಸ್ಕೇಲ್‌ಮೇಷ್ಟ್ರು:
ಮಾಡ್ಬೇಡಿ. ಟೀಚರ್‌ಗೆ ಕಾಣೋದು ಮಗು ಏನು ಮಾಡುತ್ತೆ ಅನ್ನೋದು, ಅದಕ್ಕೆ ಏನನ್ನಿಸುತ್ತೆ ಅನ್ನೋದಲ್ಲ. ಎರಡೂ ಹೊಂದಲಿಲ್ಲ ಅಂದ ಮಾತ್ರಕ್ಕೆ ಒಂದು ಸುಳ್ಳು ಆಗ್ಬೇಕಿಲ್ಲ.

ನಿಮ್ಮ ತೊಂದರೆ ಇನ್ನೂ ಹಿಂದೆ ಶುರುವಾಗಿದೆ ಅನ್ಸುತ್ತೆ. ಡಿಸರ್ಟೇಶನ್ ಗೆಳೆತನದ ಮೇಲೆ ಅಂತೀರ, ಆದ್ರೆ ಹಿಡ್ಕೊಂಡಿರೋ ಸ್ಕೇಲಲ್ಲಿ 'ಬೇರೆ ಮಕ್ಕಳು ನನ್ನನ್ನ ಸೇರಿಸ್ಕೋತಾರಾ' ಅನ್ನೋ ಥರದ್ದು ಒಂದಷ್ಟು, 'ಫ್ರೆಂಡ್ಸ್ ಜೊತೆ ಮನಸ್ಸು ಬಿಚ್ಚಿ ಮಾತಾಡ್ತೀನಾ' ಅನ್ನೋ ಥರದ್ದು ಒಂದಷ್ಟು, ಎಲ್ಲಾ ಸೇರಿ ಒಂದೇ ಸ್ಕೋರು. ಗುಂಪು ಒಪ್ಕೊಳ್ಳೋದು ಬೇರೆ, ಜೀವದ ಗೆಳತಿ ಒಬ್ಳಿರೋದು ಬೇರೆ. ಪಾರ್ಕರ್ ಮತ್ತು ಆಶರ್ ಅನ್ನೋ ಸಂಶೋಧಕರು 1993ರಲ್ಲಿ ಇವೆರಡನ್ನ ಬೇರೆ ಬೇರೆ ಅಳೆದಿದ್ರು: ಕ್ಲಾಸು ಅಷ್ಟಾಗಿ ಮೆಚ್ಚದ ಮಕ್ಕಳಲ್ಲೂ ಎಷ್ಟೋ ಜನಕ್ಕೆ ಆಪ್ತ ಸ್ನೇಹಿತರಿದ್ರು, ಎಲ್ರಿಗೂ ಬೇಕಾದ ಮಕ್ಕಳಲ್ಲೂ ಕೆಲವ್ರಿಗೆ ಅಂಥವರು ಇರ್ಲಿಲ್ಲ. ಒಂಟಿತನಕ್ಕೆ ಎರಡೂ ತಮ್ಮತಮ್ಮ ಪಾಲು ಸೇರಿಸ್ತವೆ ಅನ್ನೋದೂ ಅದರಲ್ಲೇ ಬಂತು. ಅವರ ಪ್ರಶ್ನಾವಳಿ 40 ವಾಕ್ಯದ್ದು, ಉದ್ದ ಜಾಸ್ತಿ, ಆದ್ರೆ ಪ್ರತಿ ವಾಕ್ಯದಲ್ಲೂ ಆ ಮಗುವಿನ ಗೆಳೆಯನ ಹೆಸರನ್ನೇ ತುಂಬಿ ಕೊಡ್ತಿದ್ರು. ಅಷ್ಟು ಉದ್ದ ಬೇಡ ಅಂದ್ರೆ ಬುಕೋವ್ಸ್ಕಿ ಮತ್ತವರ ಜೊತೆಯವರ 1994ರದ್ದು 23 ವಾಕ್ಯದ್ದಿದೆ: ಜೊತೆಗಿರೋದು, ಜಗಳ, ಸಹಾಯ, ಭರವಸೆ, ಆಪ್ತತೆ ಅಂತ ಐದು ಭಾಗ. ಜಗಳ ಅನ್ನೋದು ಬೇರೆ ಭಾಗವಾಗಿ ಬರೋದು ನಂಗೆ ಬಹಳ ಇಷ್ಟ, ಯಾಕಂದ್ರೆ ದಿನಾ ಕಿತ್ತಾಡೋ ಜೋಡೀನೂ ಗಟ್ಟಿ ಜೋಡಿ ಆಗಿರಬಹುದು.

ಆಮೇಲೆ, ನಾನೇ ಕನ್ನಡಕ್ಕೆ ಮಾಡ್ಕೊಂಡೆ ಅಂದ್ರಲ್ಲ, ಪ್ರಾಮಿಸ್‌ನವರ ಅನುಮತಿ ಕೇಳಿದ್ರಾ? ಅದೂ ಅಲ್ದೆ ಪ್ರಾಮಿಸ್ ಟಿ ಸ್ಕೋರಿನ (ಒಟ್ಟು ಅಂಕಾನ ಹೋಲಿಸೋಕೆ ಬರೋ ಅಳತೆಗೆ ಬದಲಾಯಿಸಿದ್ದು) ಸರಾಸರಿ 50, ಎಸ್‌ಡಿ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋದು) 10 ಅನ್ನೋದು ಅಮೆರಿಕದ ಮಕ್ಕಳ ಲೆಕ್ಕ. ನಿಮ್ಮ ಅನುವಾದಕ್ಕೆ ಅದನ್ನ ಹಾಗೇ ಅಂಟಿಸ್ಬೇಡಿ.

ಬಣ್ಣದಪೆನ್ಸಿಲ್:
ನಾನು ಸ್ಕೂಲ್ ಕೌನ್ಸೆಲರ್, ಥಿಯರಿ ಮೇಷ್ಟ್ರಿಗೇ ಬಿಟ್ಟೆ, ಮಕ್ಕಳ ಮುಂದೆ ಕೂತಾಗ ಏನಾಗುತ್ತೆ ಅಂತ ಹೇಳ್ತೀನಿ. ಎಂಟು ವರ್ಷದ ಮಗುಗೆ 'ಕಳೆದ ಏಳು ದಿನ' ಅಂದ್ರೆ ಹೆಚ್ಚಾಗಿ ಇವತ್ತು, ಬಹಳ ಅಂದ್ರೆ ನಿನ್ನೆ. ಬೆಳಿಗ್ಗೆ ಜಗಳ ಆಗಿದ್ರೆ ವಾರವೆಲ್ಲಾ ಜಗಳ. 'ಹೆಚ್ಚುಕಮ್ಮಿ ಯಾವಾಗ್ಲೂ', 'ಹೆಚ್ಚುಕಮ್ಮಿ ಇಲ್ವೇ ಇಲ್ಲ' ಎರಡರಲ್ಲೂ ಮೊದಲ ಪದ ಒಂದೇ ಆದ್ರೆ ಓದೋಕೆ ಒದ್ದಾಡೋ ಮಗು ಅಲ್ಲೇ ನಿಂತುಬಿಡುತ್ತೆ. ನೀವೇ ಜೋರಾಗಿ ಓದಿ, ಮೊದಲು ತಮಾಷೆ ಪ್ರಶ್ನೆ ಒಂದೆರಡು ಕೊಟ್ಟು ಅಭ್ಯಾಸ ಮಾಡ್ಸಿ. ಆಶರ್ ಅವರದ್ದೇ 1984ರ ಒಂಟಿತನದ ಪ್ರಶ್ನಾವಳೀಲಿ 24ರಲ್ಲಿ 8 ವಾಕ್ಯ ಲೆಕ್ಕಕ್ಕೇ ಇಲ್ಲ, ಬರೀ ಹವ್ಯಾಸದ ಥರದ್ದು, ಮಕ್ಕಳು ಬಿಗಿಯಾಗದೆ ಇರ್ಲಿ ಅಂತ.

ಒಳ್ಳೇ ಮಗು ಅನ್ನಿಸ್ಕೊಳ್ಳೋ ಉತ್ತರ ಕೊಡೋದನ್ನ ತಪ್ಪಿಸೋಕೆ ಹಾರ್ಟರ್ ಅನ್ನೋ ಸಂಶೋಧಕಿ (1985) ಮಾಡಿದ ಉಪಾಯ ನೋಡಿ: 'ಕೆಲವು ಮಕ್ಕಳಿಗೆ ತುಂಬಾ ಫ್ರೆಂಡ್ಸ್ ಇರ್ತಾರೆ, ಇನ್ನು ಕೆಲವರಿಗೆ ಅಷ್ಟು ಇರಲ್ಲ' ಅನ್ನೋ ರೀತಿ. ನೀನು ಯಾರ ಥರ ಅಂತ ಮೊದಲು, ಪೂರ್ತಿ ಅವರ ಥರಾನಾ ಸ್ವಲ್ಪ ಅವರ ಥರಾನಾ ಅಂತ ಆಮೇಲೆ. ಫ್ರೆಂಡ್ಸ್ ಕಮ್ಮಿ ಇರೋ ಮಕ್ಕಳೂ ಇದ್ದಾರೆ ಅಂತ ವಾಕ್ಯಾನೇ ಹೇಳಿದ ಮೇಲೆ ಒಪ್ಕೊಳ್ಳೋಕೆ ನಾಚಿಕೆ ಇರಲ್ಲ. 'ನನಗೆ ಯಾರೂ ಇಲ್ಲ' ಅನ್ನೋ ವಾಕ್ಯಕ್ಕೆ 'ಇಲ್ಲ' ಅಂತ ಟಿಕ್ ಹಾಕಿಸೋದು ಮಾತ್ರ ಬೇಡ ಮಾರಾಯ್ರೇ, ನಂಗೇ ಎರಡು ಸಲ ಯೋಚ್ನೆ ಮಾಡ್ಬೇಕು.

ನೇರಮಾತು:
ಇಷ್ಟೆಲ್ಲಾ ಯಾಕೆ? ಮೊರೆನೊ ಅನ್ನೋ ಮನೋವೈದ್ಯ 1934ರಲ್ಲೇ ಸೋಶಿಯೋಮೆಟ್ರಿ, ಅಂದ್ರೆ ಗುಂಪಲ್ಲಿ ಯಾರಿಗೆ ಯಾರು ಬೇಕು ಅಂತ ಅಳೆಯೋ ವಿಧಾನ, ಬರೆದಿಟ್ಟಿದ್ದಾನೆ. ನಿಂಗೆ ಇಷ್ಟವಾದ ಮೂರು ಜನ, ಇಷ್ಟವಿಲ್ಲದ ಮೂರು ಜನ ಬರಿ ಅಂದ್ರೆ ಹತ್ತು ನಿಮಿಷದಲ್ಲಿ ಇಡೀ ಕ್ಲಾಸಿನ ಚಿತ್ರ ಸಿಗುತ್ತೆ. ಇಬ್ರೂ ಒಬ್ರನ್ನೊಬ್ರು ಬರೆದಿದ್ರೆ ಮಾತ್ರ ಗೆಳೆತನ, ಒಬ್ರೇ ಬರೆದಿದ್ರೆ ಬರೀ ಆಸೆ.

ಬಣ್ಣದಪೆನ್ಸಿಲ್:
@ನೇರಮಾತು ಮೊದಲನೇ ಪ್ರಶ್ನೆ ಕೇಳಿ, ಬೇಡ ಅನ್ನಲ್ಲ. 'ಇಷ್ಟವಿಲ್ಲದವರು' ಅಂತ ಬರೆಸಿ ಪೇಪರ್ ಎತ್ಕೊಂಡು ನೀವು ಮನೆಗೆ ಹೋಗ್ತೀರ, "ನೀ ಯಾರ ಹೆಸರು ಬರ್ದೆ" ಅಂತ ಬ್ರೇಕಲ್ಲಿ ಶುರುವಾಗೋದನ್ನ ನೋಡ್ಕೊಳ್ಳೋರು ನಾವು. ಎಥಿಕ್ಸ್ ಕಮಿಟಿ ಮುಂದೇನೂ ಅದೊಂದು ಪ್ರಶ್ನೆಗೇ ಸಿಕ್ಕಾಕ್ಕೊಳ್ಳೋ ಚಾನ್ಸ್ ಜಾಸ್ತಿ. ಅಲ್ದೆ ಕ್ಲಾಸ್ ಲಿಸ್ಟ್ ಹಿಡ್ಕೊಂಡು ಕೇಳಿದ್ರೆ ಆ ಲಿಸ್ಟಿನ ಆಚೆ ಇರೋ ಫ್ರೆಂಡು ಲೆಕ್ಕಕ್ಕೇ ಬರಲ್ಲ.

ಅರ್ಧಂಬರ್ಧ_ಥೀಸಿಸ್:
ಎಲ್ರಿಗೂ ಥ್ಯಾಂಕ್ಸ್. ಅನುಮತಿ ವಿಷ್ಯ ಗೊತ್ತಿರ್ಲಿಲ್ಲ ಮೇಷ್ಟ್ರೇ, ಇವತ್ತೇ ಮೇಲ್ ಹಾಕ್ದೆ. ನಿನ್ನೆ ಮತ್ತೆ ಹೋಗಿ ಆರು ಮಕ್ಕಳನ್ನ ಒಬ್ಬೊಬ್ಬರನ್ನೇ ಕೂರಿಸ್ಕೊಂಡು (ಆ ಹುಡುಗೀನ ಮಾತ್ರ ಕರೆದ್ರೆ ಚೆನ್ನಾಗಿರಲ್ಲ ಅಂತ) ಒಂದೊಂದು ವಾಕ್ಯ ಓದಿ ಇದನ್ನ ಓದ್ದಾಗ ಯಾರ ನೆನಪು ಬಂತು ಅಂತ ಕೇಳ್ದೆ. ಇಬ್ರು ಯಾರೂ ನೆನಪಾಗ್ಲಿಲ್ಲ, ಕೊನೇ ಬಾಕ್ಸ್ ಚೆನ್ನಾಗಿತ್ತು ಅಂದ್ರು! ಆ ಹುಡುಗಿ ಮಾತ್ರ ತಡ ಮಾಡ್ಲೇ ಇಲ್ಲ, ಪಕ್ಕದ್ಮನೆ ಹುಡುಗಿ ಹೆಸರು ಹೇಳಿದ್ಳು, ಬೇರೆ ಸ್ಕೂಲಂತೆ, ದಿನಾ ಸಂಜೆ ಒಟ್ಟಿಗೆ ಆಡ್ತಾರಂತೆ. ಕ್ಲಾಸಲ್ಲಿ ಯಾರೂ ಇಲ್ವಾ ಅಂದಿದ್ದಕ್ಕೆ "ನೀವು ಕ್ಲಾಸಲ್ಲಿ ಅಂತ ಕೇಳೇ ಇಲ್ವಲ್ಲ ಮಿಸ್" ಅಂದ್ಳು. ಹೊಸ ಫಾರ್ಮಲ್ಲಿ ಮೊದಲನೇ ಸಾಲೇ 'ಆ ಫ್ರೆಂಡ್ ಎಲ್ಲಿ ಸಿಗ್ತಾರೆ' ಅಂತ ಇಟ್ಟಿದೀನಿ. ಗೈಡ್‌ಗೆ ಇನ್ನೂ ಹೇಳಿಲ್ಲ.